ನಮ್ಮ ಓಣಿ ಬೋರ್‌ಗೆ ರೀಚಾರ್ಜ್ ಗುಂಡಿ: ಎರಡು ಮಳಿಗಾಲ ನೋಡಿ ಬರಿಯಾಕತ್ತೀನಿ

ವಿಜಯಪುರದಾಗ ನಮ್ಮ ಓಣಿಯ 14 ಮನಿಯವ್ರು ಕೂಡಿ ರೊಕ್ಕ ಹಾಕಿ, ಫೆಬ್ರುವರಿಗೇ ಬತ್ತತಿದ್ದ ಬೋರ್‌ಗೆ ಮಳಿನೀರು ಇಂಗ್ಸೋ ಕೆಲಸ ಮಾಡ್ಸಿದ್ವಿ. ಚಾಂದ ಬಾವಡಿ, ತಾಜ್ ಬಾವಡಿ ಅಂಥಾ ದೊಡ್ಡ ಹಳೇ ಬಾವಿ ಕಟ್ಟಿದ ಊರಾಗ ಕೊಡ ಹಿಡ್ಕೊಂಡು ಟ್ಯಾಂಕರ್ ಹಾದಿ ಕಾಯೂದು ನೋಡಿ ನನಗ ಖರೇನ ಸಂಕಟ ಆಗ್ತಿತ್ತು.

ಕೆಲಸ ಹಿಡಿದ ಹುಡುಗ್ರ ಮ್ಯಾಲ ಮೊದಲನೇ ದಿನಾನೇ ನಂಬಿಕಿ ಬಂತು. ಯಾಕಂದ್ರ ನಾವು ಮಾಳಗಿ ಪೈಪ್ ಸೀದಾ ಕೇಸಿಂಗ್‌ನಾಗ (ಬೋರ್ ಒಳಗ ಇಳಿಸಿದ ಪೈಪಿನಾಗ) ಬಿಡ್ರಿ ಖರ್ಚು ಉಳೀತೈತಿ ಅಂದ್ರ ಅವ್ರು ಒಪ್ಪಲೇ ಇಲ್ಲ, ರಾಡಿ ಒಳಗ ಹೋದ್ರ ಕಲ್ಲಿನ ಸೀಳು ಮುಚ್ಚಿ ಬೋರ್ ಕಾಯಂ ಹೋಗ್ತೈತಿ, ಇದ್ದ ನೀರೂ ಕೆಡ್ತೈತಿ ಅಂತ ಎಲ್ಲಾರ್ನೂ ಕೂಡ್ಸಿ ತಿಳಿಸಿ ಹೇಳಿದ್ರು. ಬೋರ್ ಸುತ್ತ 10 ಅಡಿ ಉದ್ದ, ಅಗಲ, ಆಳ ತೋಡಿದ್ರು. ನಮ್ಮ ಎರಿಮಣ್ಣು ಹಸಿ ಆದ್ರ ಉಬ್ಬಿ ನೀರು ಇಳಿಯಾಕ ಬಿಡಂಗಿಲ್ಲ, ಅದಕ್ಕ ಗರಸು, ಅಂದ್ರ ಕೆಳಗಿನ ಕಲ್ಲುಮಿಶ್ರ ಮಣ್ಣು ಹತ್ತೂತನಕ ತೋಡಾಕಬೇಕು. ಕೇಸಿಂಗ್‌ಗೆ ಸಣ್ಣ ಸಣ್ಣ ತೂತು ಹಾಕಿ, ನೈಲಾನ್ ಜಾಳಿಗಿ ಸುತ್ತಿ, ಕೆಳಗ ದಪ್ಪ ಕಲ್ಲು, ಅದರ ಮ್ಯಾಲ 40 ಎಂಎಂ ಖಡಿ, 20 ಎಂಎಂ ಖಡಿ, ಇದ್ದಿಲು, ಕಡೀಕ ಉಸುಕು ತುಂಬಿದ್ರು.

ಮಾಳಗಿ ನೀರು ಗುಂಡಿಗೆ ಬಿಡಾಕ ಹಿಂದ ಮುಂದ ನೋಡಿದ ಕಾಕಾ ಒಬ್ರಿಗೆ ಅವ್ರು ಲೆಕ್ಕ ಹೇಳಿದ್ದು ಭಾಳ ಛಲೋ ಇತ್ತು: 1 ಚದರ ಮೀಟರ್‌ಗೆ 1 ಮಿಮೀ ಮಳಿ ಅಂದ್ರ 1 ಲೀಟರ್, 100 ಚದರ ಮೀಟರ್ ಮಾಳಗಿಗೆ ವರ್ಷಕ್ಕ 500 ಮಿಮೀ ಬಿದ್ರೂ 50 ಸಾವಿರ ಲೀಟರ್, ಅದರಾಗ ಆವಿ, ಸೋರಿಕಿ ಅಂತ 10 ಸಾವಿರ ಬಿಟ್ರೂ 5 ಸಾವಿರ ಲೀಟರಿನ 8 ಟ್ಯಾಂಕರ್, ಅದೂ ಒಂದ ಮನಿಯಿಂದ! ಕಾಕಾ ಮರುದಿನಾನೇ ಪೈಪ್ ತರಿಸಿದ್ರು.

ಕೊರತಿ ಹೇಳ್ಬೇಕಂದ್ರ, ಮೊದಲ ಮಳಿ ಹೊಲಸು ಹೊರಗ ಬಿಡೋ ವಾಲ್ವ್ ಕೈಗೆ ಎಟುಕದಷ್ಟು ಎತ್ತರಕ್ಕ ಕೂಡ್ಸ್ಯಾರ, ಮನ್ಯಾಗ ವಯಸ್ಸಾದವ್ರು ಇದ್ರ ಏನ್ ಮಾಡ್ಬೇಕು? ಇನ್ನ ಮ್ಯಾಲಿನ ಉಸುಕು ವರ್ಷಕ್ಕೊಮ್ಮಿ ತಗದು ತೊಳೀಬೇಕು ಅಂತ ಮೊದಲ ಹೇಳಿರಲಿಲ್ಲ, ಎರಡನೇ ವರ್ಷ ಸೆಪ್ಟೆಂಬರ್ ಮಳಿಗೆ ಎಲಿ ರಾಡಿ ಕಟ್ಟಿ ನೀರು ಗುಂಡಿ ಮ್ಯಾಲ ನಿಂತ್ಬಿಡ್ತು, ಫೋನ್ ಮಾಡಿದ್ರ ವಾರ ಬಿಟ್ಟು ಬಂದ್ರು. ರೊಕ್ಕ ಮಾತ್ರ ತಗೊಳ್ಳಲಿಲ್ಲ.

ಈ ಸಲ ಬೋರ್ ಏಪ್ರಿಲ್ ಅರ್ಧದ ತನಕ ದಿನಾ ಅರ್ಧ ತಾಸು ನಡೀತು. ಆಮ್ಯಾಲ ಟ್ಯಾಂಕರ್ ತರ್ಸಿದ್ವಿ, ಸುಳ್ಳ್ಯಾಕ ಹೇಳ್ಲಿ. ಮಳಿ ಛಲೋ ಆಗಿದ್ದೂ ಒಂದ್ ಕಾರಣ ಇರಬಹುದು.

5ಕ್ಕ 4 ಕೊಡ್ತೀನಿ. ಮಾಡ್ಸೂರು ಮೇ ತಿಂಗಳೊಳಗ ಮಾಡಸ್ರಿ, ಎರಿ ಹಸಿ ಆತಂದ್ರ ಜೆಸಿಬಿ ಹುಗೀತೈತಿ.