ಮಾಟುಂಗದ ಫಿಸಿಯೋ ಕ್ಲಿನಿಕ್: ತೊಡೆಸಂದು ಹಿಡಿದುಕೊಂಡವನ ಏಳು ವಾರದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಹೊಗಳುವುದೂ ಇದೆ, ಬೈಯುವುದೂ ಇದೆ, ಸುಮ್ನೆ ಜಗಳ ಬೇಡ. ಮುಂಬೈಯ ಮಾಟುಂಗ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು, ಹೂವಿನ ಅಂಗಡಿ ದಾಟಿ, ಫಿಲ್ಟರ್ ಕಾಫಿ ವಾಸನೆ ಹಿಡಿದು ಹೋದರೆ ಹತ್ತು ನಿಮಿಷ. ಹಳೇ ಕಟ್ಟಡ. ಎರಡನೇ ಮಹಡಿ. ಲಿಫ್ಟ್ ಇಲ್ಲ. ಕಾಲೆತ್ತಲಾಗದವನಿಗೆ ನಲವತ್ತೆರಡು ಮೆಟ್ಟಿಲು! ಎಣಿಸಿದ್ದೇನೆ.

ನನಗಾದದ್ದು ಇಷ್ಟು. 2025ರ ಆಗಸ್ಟ್‌ನ ಒಂದು ಭಾನುವಾರ, ಆಜಾದ್ ಮೈದಾನ, ಆಫೀಸಿನವರ ಕ್ರಿಕೆಟ್ ಪಂದ್ಯ. ಹಿಂದಿನ ರಾತ್ರಿಯೆಲ್ಲ ಮಳೆ. ಆದರೆ ಇದು 1948ರಿಂದ ಕಾಂಗಾ ಲೀಗ್ ಅಂತ ಮಳೆಗಾಲದ ಟೂರ್ನಿಯನ್ನೇ ಕಟ್ಟಿಕೊಂಡ ಊರು, ಕೆಸರಾಗಿದೆ ಅಂದರೆ ನಗುತ್ತಾರೆ. ಫೀಲ್ಡಿಂಗ್‌ಗೆ ಕವರ್‌ನಲ್ಲಿ ನಿಂತಿದ್ದೆ. ಚೆಂಡು ಎಡಕ್ಕೆ ಬಂತು, ನಾನು ಎಡಕ್ಕೆ ಬಾಗಿದೆ, ಬಲಗಾಲು ಮಾತ್ರ ಜಾರಿ ಬಲಕ್ಕೇ ಹೋಯಿತು. ತೊಡೆಸಂದಿನಲ್ಲಿ ಹಳೇ ಪಂಚೆ ಹರಿದ ಹಾಗೆ ಚರ್ ಅಂತು. ಆಮೇಲೂ ನಾಲ್ಕು ಓವರ್ ಬೌಲಿಂಗ್ ಮಾಡಿದೆ, ಬುದ್ಧಿ ಬೇಡವೇ? ಸೋಮವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಲು ಕಾಲೆತ್ತಿದಾಗ ಕಣ್ಣಲ್ಲಿ ನೀರು ಬಂತು. ಸೀನಿದರೆ ನೋವು, ಮಗ್ಗುಲು ಬದಲಿಸಿದರೆ ನೋವು, ಸಾಕ್ಸ್ ಹಾಕಿಸಲು ಹೆಂಡತಿ ಬೇಕು. ಈ ಜಾಗದ ನೋವಿಗೆ ಇನ್ನೊಂದು ಕಷ್ಟ ಇದೆ, ಯಾರಿಗೂ ಕೈಯಿಟ್ಟು ತೋರಿಸಿ ಹೇಳುವ ಹಾಗಿಲ್ಲ. ಆಫೀಸಿನಲ್ಲಿ ಸೊಂಟ ಉಳುಕಿದೆ ಅಂದೆ.

ಮೊದಲು ಹೋಗಿದ್ದು ಆಫೀಸಿನ ಹತ್ತಿರದ ಬೇರೆ ಒಂದು ಕಡೆಗೆ. ಅಲ್ಲಿ ಎಸಿ ಇತ್ತು, ಲಿಫ್ಟ್ ಇತ್ತು, ಯಂತ್ರ ಇತ್ತು. ಮಲಗಿಸುತ್ತಿದ್ದರು, ಜೆಲ್ ಹಚ್ಚುತ್ತಿದ್ದರು, ಯಂತ್ರ ಆಡಿಸುತ್ತಿದ್ದರು, ಶಾಖ ಕೊಡುತ್ತಿದ್ದರು, ಕಳಿಸುತ್ತಿದ್ದರು. ಹತ್ತು ಸಿಟ್ಟಿಂಗ್, ಆರು ಸಾವಿರ ರೂಪಾಯಿ. ನೋವು ಹೋಯಿತು, ಸುಳ್ಳು ಹೇಳಬಾರದು. ಮೈದಾನಕ್ಕೆ ಹೋದೆ, ಎರಡನೇ ಓವರ್‌ನಲ್ಲಿ ಮತ್ತೆ ಅದೇ ಜಾಗ, ಮೊದಲಿಗಿಂತ ಜೋರು. ಮಾಟುಂಗದ ಫಿಸಿಯೋ ಮೇಡಂಗೆ ಈ ಕಥೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಡೆನ್ಮಾರ್ಕಿನಲ್ಲಿ ಹಳೇ ತೊಡೆಸಂದು ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿ ನೋಡಿದ್ದರಂತೆ, ಒಂದಕ್ಕೆ ಯಂತ್ರ, ಮಸಾಜ್, ಸ್ಟ್ರೆಚಿಂಗ್, ಇನ್ನೊಂದಕ್ಕೆ ಬರೀ ವ್ಯಾಯಾಮ. ವ್ಯಾಯಾಮದ ಗುಂಪಿನಲ್ಲಿ 23 ಜನ ನೋವಿಲ್ಲದೆ ಮೊದಲಿನ ಹಾಗೇ ಆಟಕ್ಕೆ ಮರಳಿದರು, ಯಂತ್ರದ ಗುಂಪಿನಲ್ಲಿ ನಾಲ್ಕೇ ಜನ. ಇದು ಪ್ರಕಟವಾದದ್ದು 1999ರಲ್ಲಿ. ನನ್ನ ಆರು ಸಾವಿರ ಹೋದದ್ದು 2025ರಲ್ಲಿ.

ಮಾಟುಂಗದ ಕ್ಲಿನಿಕ್‌ನಲ್ಲಿ ಮೊದಲ ದಿನ ಮಾಡಿದ್ದು ಒಂದು ವಿಚಿತ್ರ ಪರೀಕ್ಷೆ. ಬಿಪಿ ನೋಡುವ ಪಟ್ಟಿ ಇರುತ್ತದಲ್ಲ, ತೋಳಿಗೆ ಕಟ್ಟುವುದು, ಅದನ್ನು ಮಡಚಿ, ಸ್ವಲ್ಪ ಗಾಳಿ ತುಂಬಿ, ಮಲಗಿದ್ದ ನನ್ನ ಮೊಣಕಾಲುಗಳ ನಡುವೆ ಇಟ್ಟರು. "ದಾಬಾ, ಜೋರಾತ್ ದಾಬಾ" ಅಂದರು ಮರಾಠಿಯಲ್ಲಿ, ಜೋರಾಗಿ ಅಮುಕಿ ಅಂತ. ಅಮುಕಿದೆ. ಗಡಿಯಾರದಂಥ ಮುಖದ ಮೇಲೆ ಸೂಜಿ ಏರಿತು, 110ಕ್ಕೆ ಬಂದಾಗ ಒಳತೊಡೆಯಲ್ಲಿ ಚಳುಕು, ಸೂಜಿ ನಡುಗಿ ಕೆಳಗಿಳಿಯಿತು. ಅಷ್ಟನ್ನೇ ಒಂದು ಹಳದಿ ಕಾರ್ಡಿನಲ್ಲಿ ಬರೆದರು. ತಾರೀಖು, ಸಂಖ್ಯೆ, ಮುಗಿಯಿತು. ಸೂಜಿ ಎಷ್ಟು ಏರುತ್ತದೋ ಒಳತೊಡೆಗೆ ಅಷ್ಟು ಬಲ ಅಂತ ಲೆಕ್ಕ. ಎಂಆರ್‌ಐ ಬೇಡವಾ ಅಂತ ಕೇಳಿದೆ. ಈಗ ಬೇಡ, ಬೇಕಾದರೆ ನಾನೇ ಹೇಳುತ್ತೇನೆ ಅಂದರು. ಬರೆದುಕೊಡಿ ಅಂತ ಕೇಳಿದರೂ ಬೇಡ ಅನ್ನುವವರು ಈ ಊರಲ್ಲಿ ಅಪರೂಪ, ಅಲ್ವಾ?

ಕೈಬೆರಳಿಂದ ತೋರಿಸಿ ಅವರು ವಿವರಿಸಿದ್ದು ಚೆನ್ನಾಗಿತ್ತು. ಕಿಬ್ಬೊಟ್ಟೆಯ ಕೆಳಗೆ, ನಡುಮಧ್ಯೆ ಒಂದು ಮೂಳೆ. ಮೇಲಿನಿಂದ ಹೊಟ್ಟೆಯ ಸ್ನಾಯು ಬಂದು ಅದಕ್ಕೆ ಅಂಟುತ್ತದೆ, ಕೆಳಗಿನಿಂದ ಒಳತೊಡೆಯದು. ಓಡುವಾಗ, ತಿರುಗುವಾಗ, ಒದೆಯುವಾಗ ಎರಡೂ ಹಗ್ಗಜಗ್ಗಾಟ ಆಡುತ್ತವೆ. ಸೋತ ಕಡೆ ಹರಿಯುತ್ತದೆ. ಹಾಗಾಗಿ ತೊಡೆಸಂದು ನೋವು ಅಂತ ಬಂದವರಲ್ಲಿ ಕೆಲವರಿಗೆ ನಿಜವಾದ ತೊಂದರೆ ಕಿಬ್ಬೊಟ್ಟೆಯಲ್ಲಿರುತ್ತದೆ. 'ಸ್ಪೋರ್ಟ್ಸ್ ಹರ್ನಿಯಾ' ಅನ್ನುವುದು ಇದನ್ನೇ. ಹೆಸರಲ್ಲಿ ಹರ್ನಿಯಾ ಇದೆಯೇ ಹೊರತು ನಮ್ಮ ಅಜ್ಜಂದಿರಿಗೆ ಆಗುತ್ತಿದ್ದ ಹಾಗೆ ಕರುಳು ಹೊರಬಂದು ಗಂಟಾಗುವುದಿಲ್ಲ. ನನ್ನದು ಒಳತೊಡೆಯದು, ಸದ್ಯ.

ಇನ್ನು ಕಾಯುವ ವಿಚಾರ. ಏಳೂವರೆಗೆ ಅಪಾಯಿಂಟ್‌ಮೆಂಟ್ ಅಂದರೆ ಎಂಟೂಕಾಲು. ಏಳು ವಾರದಲ್ಲಿ ಒಂದೇ ಒಂದು ದಿನ ಸರಿಯಾದ ಸಮಯಕ್ಕೆ ಒಳಗೆ ಕರೆದರು, ಅವತ್ತು ನಾನೇ ತಡ. ಆದರೆ ಆ ಬೆಂಚಿನ ಮೇಲೆ ನನಗೆ ಸಿಕ್ಕ ಮನರಂಜನೆಗೆ ದುಡ್ಡು ಕೊಡಬೇಕಿತ್ತು. ಶಿವಾಜಿ ಪಾರ್ಕಿನ ಹುಡುಗರು ಮೊಣಕಾಲಿಗೆ ಐಸ್ ಕಟ್ಟಿಕೊಂಡು, ಕಿಟ್ ಬ್ಯಾಗ್ ಅಡ್ಡ ಹಾಕಿ ಕೂತಿರುತ್ತಾರೆ. ರಿಸೆಪ್ಷನ್ನಿನಲ್ಲಿರುವ ಅಕ್ಕ ಕಾರ್ಕಳದ ಕಡೆಯವರು, ಪಕ್ಕಾ ಕ್ರಿಕೆಟ್ ಹುಚ್ಚು. ನಾನು ಧಾರವಾಡದವನು ಅಂತ ಗೊತ್ತಾದ ದಿನದಿಂದ ಕನ್ನಡದಲ್ಲೇ ಮಾತು.

ಒಂದು ಸಂಜೆ ಸೂರ್ಯಕುಮಾರ್ ಯಾದವ್ ಬಗ್ಗೆ ಜಗಳ ಶುರುವಾಯಿತು. 2024ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸ್ಪೋರ್ಟ್ಸ್ ಹರ್ನಿಯಾ ಆಪರೇಷನ್, ಮುಂಬೈಯ ಮೊದಲ ಮೂರು ಐಪಿಎಲ್ ಪಂದ್ಯ ತಪ್ಪಿತು. ಮರಳಿ ಬಂದ ದಿನ ವಾಂಖೆಡೆಯಲ್ಲಿ ಸೊನ್ನೆ. ಇನ್ನೂ ಸರಿಯಾಗಿಲ್ಲ ಪಾಪ ಅಂದುಕೊಂಡಿದ್ದೆವು, ಮುಂದಿನ ಪಂದ್ಯದಲ್ಲೇ ನಮ್ಮ ಆರ್‌ಸಿಬಿಗೆ 19 ಎಸೆತದಲ್ಲಿ 52 ಬಾರಿಸಿದ. ಆ ಪಾಪ ಅಂದ ಬಾಯಿ ನನ್ನದೇ. "ಆಪರೇಷನ್ ಮಾಡಿಸಿದ್ರೆ ಮೂರು ತಿಂಗಳಲ್ಲಿ ಮೊದಲಿನ ಥರಾ ಆಗ್ತಾರೆ" ಅಂತ ಒಬ್ಬ ಹುಡುಗ. ಅಕ್ಕ ಬಿಡಲಿಲ್ಲ. "ಹಾಗಾದ್ರೆ 2025ರ ಜೂನ್‌ನಲ್ಲಿ ಮತ್ತೆ ಯಾಕೆ ಮ್ಯೂನಿಕ್ಕಿಗೆ ಹೋದ್ರು ಮಾರಾಯ?" ಅದೂ ಐಪಿಎಲ್‌ನಲ್ಲಿ 717 ರನ್ ಹೊಡೆದ ಬೆನ್ನಲ್ಲೇ. ಈ ಗಾಯದ ಗುಣವೇ ಇದು. ಕೈ ಮುರಿದರೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸುತ್ತಾರೆ, ಇದು ಕೂರಿಸುವುದಿಲ್ಲ. ಟೇಪ್ ಸುತ್ತಿಕೊಂಡು ಆಡಬಹುದು, ರನ್ನೂ ಹೊಡೆಯಬಹುದು, ಸೀಸನ್ ಮುಗಿಯುವ ತನಕ ತಳ್ಳಿಕೊಂಡು ಹೋಗಬಹುದು. ಒಂದು ಹೆಜ್ಜೆ ನಿಧಾನ ಆಗಿರುತ್ತದೆ, ಟಿವಿಯಲ್ಲಿ ನೋಡುವವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕೆ.ಎಲ್. ರಾಹುಲ್ ಕಥೆ ಅಕ್ಕನೇ ತೆಗೆದರು. 2022ರ ಜೂನ್, ದಕ್ಷಿಣ ಆಫ್ರಿಕಾ ವಿರುದ್ಧ ಟಿ20 ಸರಣಿಗೆ ನಾಯಕ. ದೆಹಲಿಯಲ್ಲಿ ಮೊದಲ ಪಂದ್ಯಕ್ಕೆ ಒಂದು ದಿನ ಮುಂಚೆ ಬಲ ತೊಡೆಸಂದು ಕೈಕೊಟ್ಟಿತು, ರಿಷಭ್ ಪಂತ್ ನಾಯಕರಾದರು. ಆಮೇಲೆ ಇಂಗ್ಲೆಂಡ್ ಪ್ರವಾಸವೂ ಹೋಯಿತು, ಜರ್ಮನಿಯಲ್ಲಿ ಆಪರೇಷನ್, ಮೇಲೊಂದು ಕೋವಿಡ್. ಮತ್ತೆ ಆಡಿದ್ದು ಆಗಸ್ಟ್‌ನಲ್ಲಿ, ಜಿಂಬಾಬ್ವೆಯಲ್ಲಿ.

ನನ್ನನ್ನು ಜಾಸ್ತಿ ಕಾಡಿದ್ದು ನೀರಜ್ ಚೋಪ್ರಾ. 2022ರಲ್ಲಿ ಯೂಜೀನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದರು, ತೊಡೆಸಂದಿನ ಗಾಯದಿಂದ ಕಾಮನ್‌ವೆಲ್ತ್ ಕ್ರೀಡಾಕೂಟ ಬಿಟ್ಟರು. ಎರಡು ವರ್ಷದ ನಂತರ ಪ್ಯಾರಿಸ್ ಒಲಿಂಪಿಕ್ಸ್, ಆಗಲೂ ಅದೇ ಜಾಗದ ಕಾಟ. ಆರು ಎಸೆತದಲ್ಲಿ ಐದು ಫೌಲ್, ಉಳಿದ ಒಂದೇ ಒಂದು 89.45 ಮೀಟರ್, ಬೆಳ್ಳಿ. ಜಾವೆಲಿನ್‌ನಲ್ಲಿ ಓಡಿ ಬಂದ ವೇಗವನ್ನೆಲ್ಲ ಮುಂದಿನ ಕಾಲು ಊರಿ ತಡೆಯಬೇಕು, ಆ ಹೊಡೆತ ನೇರ ತೊಡೆಸಂದಿಗೆ. ವೇಗದ ಬೌಲರ್‌ದೂ ಹಾಗೇ. 2021ರ ಬ್ರಿಸ್ಬೇನ್ ಟೆಸ್ಟ್‌ನಲ್ಲಿ ನವದೀಪ್ ಸೈನಿ ಎಂಟನೇ ಓವರ್ ಮುಗಿಸಲಾಗದೆ ತೊಡೆಸಂದು ಹಿಡಿದುಕೊಂಡು ಹೊರಟಾಗ ಉಳಿದ ಒಂದು ಎಸೆತ ರೋಹಿತ್ ಹಾಕಿದ್ದರು. ಟೆನಿಸ್‌ನ ನಡಾಲ್‌ಗೆ 2022ರ ವಿಂಬಲ್ಡನ್‌ನಲ್ಲಿ ಹರಿದದ್ದು ಹೊಟ್ಟೆಯ ಸ್ನಾಯು, ಕ್ವಾರ್ಟರ್ ಫೈನಲ್ ಐದು ಸೆಟ್ ಆಡಿ ಗೆದ್ದು ಸೆಮಿಫೈನಲ್ ಆಡದೆ ಮನೆಗೆ ಹೋದರು.

ಶ್ರೇಯಸ್ ಅಯ್ಯರ್ ಸಿಡ್ನಿಯಲ್ಲಿ ಕ್ಯಾಚ್ ಹಿಡಿದು ಬಿದ್ದದ್ದೂ ನಾನು ಆ ಬೆಂಚಿನಲ್ಲಿದ್ದ ದಿನಗಳಲ್ಲೇ. ಅದು ಸ್ನಾಯು ಅಲ್ಲ, ಹೊಟ್ಟೆಯೊಳಗಿನ ಗುಲ್ಮಕ್ಕೆ (ಸ್ಪ್ಲೀನ್) ಪೆಟ್ಟು, ಒಳಗೇ ರಕ್ತಸ್ರಾವ. ಆ ವಾರ ಹುಡುಗರು ಯಾರೂ ಜೋಕ್ ಮಾಡಲಿಲ್ಲ.

ಚಿಕಿತ್ಸೆಗೆ ಬರೋಣ. ಮೊದಲ ವಾರ ಮೊಣಕಾಲ ನಡುವೆ ಫುಟ್‌ಬಾಲ್ ಇಟ್ಟು ಅಮುಕುವುದು, ಅಷ್ಟೇ. ಮೂರನೇ ವಾರದಿಂದ ಕೋಪನ್‌ಹೇಗನ್ ಅಂತ ಒಂದು ವ್ಯಾಯಾಮ. ಪಕ್ಕಕ್ಕೆ ಮಲಗಿ ಮೊಣಕೈ ಊರಬೇಕು, ಮೇಲಿನ ಕಾಲನ್ನು ಇನ್ನೊಬ್ಬರು ಹಿಡಿದುಕೊಳ್ಳಬೇಕು, ಆ ಕಾಲಿನ ಬಲದ ಮೇಲೆ ಸೊಂಟ ಎತ್ತಿ ಕೆಳಗಿನ ಕಾಲನ್ನು ಸೇರಿಸಬೇಕು. ನಾರ್ವೆಯ ಫುಟ್‌ಬಾಲ್ ತಂಡಗಳಲ್ಲಿ ಇದೊಂದನ್ನೇ ಸೀಸನ್ ಪೂರ್ತಿ ಮಾಡಿಸಿದಾಗ ತೊಡೆಸಂದಿನ ತೊಂದರೆಯ ಸಾಧ್ಯತೆ 41 ಶೇಕಡಾ ಕಡಿಮೆಯಾಯಿತು ಅಂತ 2019ರ ಅಧ್ಯಯನ ಇದೆ. ನಮ್ಮ ಮನೆಯಲ್ಲಿ ನಾರ್ವೆ ತಂಡ ಇಲ್ಲ, ಹೆಂಡತಿ ಇದ್ದಾಳೆ. ರಾತ್ರಿ ಹತ್ತಕ್ಕೆ ಚಾಪೆ ಹಾಸಿ, "ಬೇಗ ಮುಗಸ್ರೀ, ಹಾಲು ಇಟ್ಟೇನಿ" ಅನ್ನುತ್ತಾ ಅವಳು ಕಾಲು ಹಿಡಿಯುತ್ತಿದ್ದಳು. ಒಂದು ದಿನ ಹಾಲು ಉಕ್ಕಿತು, ಕಾಲು ಬಿಟ್ಟು ಓಡಿದಳು. ಮಾರನೇ ದಿನದಿಂದ ದಿವಾನದ ಅಂಚೇ ಗತಿ.

ಮಧ್ಯದಲ್ಲಿ ಅತಿಬುದ್ಧಿ ಮಾಡಿ ಧೋಬಿ ತಲಾವ್‌ನ ಸ್ಪೋರ್ಟ್ಸ್ ಅಂಗಡಿಯಿಂದ ತೊಡೆಗೆ ಸುತ್ತುವ ರಬ್ಬರ್ ಪಟ್ಟಿ ತಂದಿದ್ದೆ, 850 ರೂಪಾಯಿ. ಕಟ್ಟಿಕೊಂಡರೆ ಬೆಚ್ಚಗಿರುತ್ತದೆ, ಧೈರ್ಯ ಬರುತ್ತದೆ, ಆ ಧೈರ್ಯವೇ ಅಪಾಯ. ಮುಂಬೈಯ ಸೆಕೆಗೆ ತುರಿಕೆ ಬೇರೆ. ಈಗ ಅದು ಮಗನ ಸೈಕಲ್ಲಿಗೆ ನೀರಿನ ಬಾಟಲಿ ಕಟ್ಟಲು ಬಳಕೆಯಾಗುತ್ತಿದೆ.

ಐದನೇ ವಾರಕ್ಕೆ ನನಗೆ ನೋವೇ ಇರಲಿಲ್ಲ. ಲೋಕಲ್‌ಗೆ ಓಡಿ ಹತ್ತುತ್ತಿದ್ದೆ. ಭಾನುವಾರ ಆಡ್ಲಾ ಅಂತ ಕೇಳಿದೆ. ಮೇಡಂ ಮಾತಾಡಲಿಲ್ಲ, ಬಿಪಿ ಪಟ್ಟಿ ತಂದರು. 170. "ನೋವಿಲ್ಲ, ಬಲವೂ ಇಲ್ಲ" ಅಂದರು ಹಿಂದಿಯಲ್ಲಿ, ಕಾರ್ಡಿನಲ್ಲಿ ಬರೆದುಕೊಂಡು ಒಳಗೆ ಹೋದರು. ನನಗೆ ಕೋಪ ಬಂತು. ಆದರೆ ಹಳೇ ಕ್ಲಿನಿಕ್ ನನ್ನನ್ನು ಮೈದಾನಕ್ಕೆ ಕಳಿಸಿದ್ದು ಸರಿಯಾಗಿ ಇದೇ ಹಂತದಲ್ಲಿ. ಒಮ್ಮೆ ತೊಡೆಸಂದು ಹರಿದವರಿಗೇ ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ, ಅದಕ್ಕೇ ತಂಡದ ಫಿಸಿಯೋಗಳು ಆಟಗಾರನ ಮಾತಿಗಿಂತ ಸಂಖ್ಯೆಯನ್ನೇ ನಂಬುತ್ತಾರೆ. ಈ ಒಂದು ವಿಷಯಕ್ಕೆ ಈ ಕ್ಲಿನಿಕ್‌ಗೆ ನನ್ನ ಪೂರ್ತಿ ಅಂಕ.

ದುಡ್ಡು: ಮೊದಲ ದಿನ 1,200, ಆಮೇಲೆ ಪ್ರತಿ ಸಲ 800. ವಾರಕ್ಕೆ ಎರಡೇ ಸಲ ಬನ್ನಿ, ಉಳಿದದ್ದು ಮನೆಯಲ್ಲಿ ಮಾಡಿ ಅಂತ ಅವರೇ ಹೇಳಿದರು. ರಸೀದಿ ಕೇಳಿದರೆ ಮಾತ್ರ ಅಕ್ಕನ ಮುಖ ಸಣ್ಣದಾಗುತ್ತದೆ, ನಾಲ್ಕು ಸಲ ಕೇಳಿದ ಮೇಲೆ ಸಾದಾ ಚೀಟಿಯಲ್ಲಿ ಬರೆದುಕೊಟ್ಟರು, ಅದನ್ನು ಆಫೀಸಿನ ಇನ್ಶೂರೆನ್ಸ್‌ನವರು ವಾಪಸ್ ಕಳಿಸಿದರು. ಬಟ್ಟೆ ಬದಲಿಸುವ ಜಾಗ ಅಂದರೆ ಒಂದು ಪರದೆ, ಅದೂ ಪೂರ್ತಿ ಮುಚ್ಚುವುದಿಲ್ಲ. ಮನೆಯಿಂದಲೇ ಚಡ್ಡಿ ಹಾಕಿಕೊಂಡು ಹೋಗಿ, ನನ್ನ ಹಾಗೆ ಜೀನ್ಸ್‌ನಲ್ಲಿ ಹೋಗಬೇಡಿ. ಶನಿವಾರ ಅಂತೂ ಕಾಲಿಡಲು ಜಾಗ ಇರುವುದಿಲ್ಲ, ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಖಾಲಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮೊನ್ನೆ ಸೂಜಿ 225 ತೋರಿಸಿತು. ಬ್ಯಾಟಿಂಗ್‌ಗೆ ಒಪ್ಪಿಗೆ ಸಿಕ್ಕಿದೆ, ನನ್ನ ಬದಲು ಓಡಲು ರನ್ನರ್ ಇಟ್ಟುಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ. ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ 2011ರಲ್ಲೇ ರನ್ನರ್ ತೆಗೆದುಹಾಕಿದ್ದಾರೆ ಅಂದೆ. ನೀವು ಆಡುವುದು ಅಂತಾರಾಷ್ಟ್ರೀಯವಾ ಅಂತ ಕೇಳಿದರು. ಬೌಲಿಂಗ್ ವಿಚಾರ ಮುಂದಿನ ಮಂಗಳವಾರ, ಅಲ್ಲಿಯ ತನಕ ಸ್ಕೋರ್ ಪುಸ್ತಕ ನನ್ನ ಕೈಯಲ್ಲಿ.