ಸೀಗಲ್ 1963 ಕ್ರೊನೋಗ್ರಾಫ್: ಮೂರು ವರ್ಷ ಕೀ ಕೊಟ್ಟ ಮೇಲೆ

ಬ್ಯಾಟರಿ ಬೇಡ, ದಿನಾ ಕೀ ಕೊಡುವ ವಾಚೇ ಆಗಬೇಕು, ಅದರಲ್ಲಿ ಸ್ಟಾಪ್‌ವಾಚೂ ಇರಬೇಕು, ದುಡ್ಡು ಮಾತ್ರ ಕೈಮೀರಬಾರದು ಎನ್ನುವವರು ಹುಡುಕುತ್ತಾ ಹೋದರೆ ಕೊನೆಗೆ ತಲುಪುವುದು ಬಹುಮಟ್ಟಿಗೆ ಈ ವಾಚಿಗೇ. ಒಳಗಿರುವುದು ಚೀನಾದ ತಿಯಾಂಜಿನ್‌ನಲ್ಲಿ ತಯಾರಾಗುವ ಎಸ್‌ಟಿ19 ಯಂತ್ರ. ಇದರ ಮೂಲ ಸ್ವಿಟ್ಜರ್ಲೆಂಡಿನ ವೀನಸ್ ಕಂಪನಿಯ 175 ಎಂಬ ಯಂತ್ರ. 1960ರ ದಶಕದ ಆರಂಭದಲ್ಲಿ ತಿಯಾಂಜಿನ್ ಕಾರ್ಖಾನೆ, ಅಂದರೆ ಇಂದಿನ ಸೀಗಲ್, ಅದನ್ನು ತಯಾರಿಸುವ ಉಪಕರಣಗಳನ್ನೇ ಕೊಂಡು ತಂದು ಚೀನಾ ವಾಯುಪಡೆಯ ಪೈಲಟ್‌ಗಳಿಗಾಗಿ ವಾಚು ಮಾಡಿತು. ಈಗ ಮಾರಾಟದಲ್ಲಿರುವುದು ಆ ವಾಚಿನ ಮರುರೂಪ. ಇಲ್ಲಿ ಬರೆದಿರುವುದು 38 ಮಿ.ಮೀ. ಅಗಲದ, ಅಕ್ರಿಲಿಕ್ ಗ್ಲಾಸಿನ ಮಾದರಿಯ ಬಗ್ಗೆ.

ಕೀ ಕೊಡುವುದರಿಂದಲೇ ಶುರು ಮಾಡೋಣ. ಪೂರ್ತಿ ನಿಂತ ವಾಚಿಗೆ ಸುಮಾರು 30ರಿಂದ 40 ಸುತ್ತು ಬೇಕು. ಕೊನೆಯ ಕೆಲವು ಸುತ್ತುಗಳಲ್ಲಿ ಕ್ರೌನ್, ಅಂದರೆ ಕೀ ಕೊಡುವ ತಿರುಪು, ಬಿಗಿಯಾಗುತ್ತಾ ಬಂದು ಒಂದು ಕಡೆ ಖಚಿತವಾಗಿ ನಿಲ್ಲುತ್ತದೆ. ಅಲ್ಲಿಗೆ ಕೈ ಬಿಡಬೇಕು. ಆಟೋಮ್ಯಾಟಿಕ್ ವಾಚಿನ ಹಾಗೆ ಇದರ ಸ್ಪ್ರಿಂಗ್ ಡ್ರಮ್ಮಿನೊಳಗೆ ಜಾರುವುದಿಲ್ಲ, ಮುಂದೆ ಒತ್ತಿ ತಿರುಗಿಸಿದರೆ ಏನಾದರೊಂದು ಮುರಿಯುತ್ತದೆ. ಪೂರ್ತಿ ಕೀ ಕೊಟ್ಟರೆ 40 ಗಂಟೆ ಓಡುತ್ತದೆ, ಆದರೂ ಎರಡು ದಿನಕ್ಕೊಮ್ಮೆ ಎಂದು ಬಿಡಬೇಡಿ. ಸ್ಪ್ರಿಂಗ್ ಸಡಿಲವಾದಂತೆ, ತೂಗಾಡುತ್ತಾ ಸಮಯದ ಲಯ ಹಿಡಿಯುವ ಬ್ಯಾಲೆನ್ಸ್ ವೀಲಿನ ತೂಗಾಟ ಕುಗ್ಗಿ ಸಮಯ ಹಾದಿ ತಪ್ಪುತ್ತದೆ. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು ಕೀ ಕೊಡಿ. ಕಟ್ಟಿಕೊಂಡೇ ತಿರುಗಿಸಿದರೆ ಕ್ರೌನಿನ ಕಡ್ಡಿ ಓರೆಯಾಗಿ ಎಳೆದು ಸವೆಯುತ್ತದೆ.

ಈಗ ಗುಂಡಿಗಳು. ಹೊಸಬರು ಎಡವುವುದು ಇಲ್ಲಿಯೇ. 2 ಗಂಟೆಯ ಪಕ್ಕದ್ದು ಓಡಿಸಲು ಮತ್ತು ನಿಲ್ಲಿಸಲು, 4 ಗಂಟೆಯ ಪಕ್ಕದ್ದು ಮುಳ್ಳನ್ನು ಸೊನ್ನೆಗೆ ತರಲು. ಮೇಲಿನದನ್ನು ಒತ್ತಿದಾಗ ಕಂಬಗಳಿರುವ ಒಂದು ಪುಟ್ಟ ಚಕ್ರ, ಅಂದರೆ ಕಾಲಮ್ ವೀಲ್, ಒಂದು ಹೆಜ್ಜೆ ತಿರುಗುತ್ತದೆ. ಆಗ ಒಂದು ಸನ್ನೆ ಕಂಬದ ಸಂದಿಗೆ ಬಿದ್ದು, ಓಡುತ್ತಿರುವ ಚಕ್ರವನ್ನು ತಂದು ಸ್ಟಾಪ್‌ವಾಚಿನ ಚಕ್ರಕ್ಕೆ ಹಲ್ಲು ಕೂಡಿಸುತ್ತದೆ. ಅರ್ಧ ಒತ್ತಿ ಬಿಟ್ಟರೆ ಕಾಲಮ್ ವೀಲ್ ನಡುವೆಯೇ ಉಳಿದು ಹಲ್ಲುಗಳು ಅರೆಬರೆ ತಾಗುತ್ತವೆ. ಆದ್ದರಿಂದ ಪ್ರತಿ ಸಲವೂ 'ಟಕ್' ಎನ್ನುವವರೆಗೆ ಒಂದೇ ಒತ್ತು. ಕೆಳಗಿನ ಗುಂಡಿ ಒತ್ತುವ ಮೊದಲು ಸ್ಟಾಪ್‌ವಾಚ್ ನಿಂತಿರಲೇಬೇಕು. ಓಡುವಾಗಲೇ ಸೊನ್ನೆಗೆ ತರುವ ಫ್ಲೈಬ್ಯಾಕ್ ಸೌಲಭ್ಯ ಈ ಯಂತ್ರಕ್ಕಿಲ್ಲ. ಗುಂಡಿ ತಡೆದಂತೆ ಅನ್ನಿಸಿದರೆ ಬಲ ಹಾಕಬೇಡಿ.

ಒಳಗಿನದನ್ನು ತಿಳಿದರೆ ಯಾವುದು ಸಹಜ, ಯಾವುದು ಕಾಯಿಲೆ ಎಂಬುದೂ ತಿಳಿಯುತ್ತದೆ. ಶುರು ಮಾಡಿದ ಕ್ಷಣ ಸ್ಟಾಪ್‌ವಾಚಿನ ಉದ್ದ ಸೆಕೆಂಡ್ ಮುಳ್ಳು ಚೂರು ಮುಂದಕ್ಕೋ ಹಿಂದಕ್ಕೋ ಜಿಗಿದರೆ ಅದು ಹಲ್ಲಿಗೆ ಹಲ್ಲು ಎದುರಾಗಿ ಆಗುವುದು, ಚಿಂತೆ ಬೇಡ. ಮುಳ್ಳು ಉದ್ದಕ್ಕೂ ನಡುಗುತ್ತಾ ತಡವರಿಸುತ್ತಾ ಸಾಗಿದರೆ ಮಾತ್ರ ಹಲ್ಲುಗಳ ಕೂಡಿಕೆಯ ಆಳ ಸರಿಯಿಲ್ಲ ಎಂದು ಅನುಮಾನಿಸಬೇಕು. ಸೊನ್ನೆಗೆ ತಂದಾಗ ಮುಳ್ಳು 12ಕ್ಕೆ ಸರಿಯಾಗಿ ನಿಲ್ಲುತ್ತಿಲ್ಲವೇ? ಐದು ಸಲ ಮಾಡಿ ನೋಡಿ. ಪ್ರತಿ ಸಲವೂ ಅಷ್ಟೇ ಪಕ್ಕಕ್ಕೆ ನಿಂತರೆ ಮುಳ್ಳನ್ನು ಕೂರಿಸುವಾಗಲೇ ತಪ್ಪಿದೆ, ರಿಪೇರಿಯವರು ತೆಗೆದು ಮತ್ತೆ ಕೂರಿಸಿದರೆ ಮುಗಿಯಿತು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಮುಳ್ಳು ತನ್ನ ಕೊಳವೆಯ ಮೇಲೆ ಸಡಿಲವಾಗಿದೆ, ಅಥವಾ ಮುಳ್ಳನ್ನು ಸೊನ್ನೆಗೆ ತರುವ ಹೃದಯದಾಕಾರದ ಬಿಲ್ಲೆಯ (ಕ್ಯಾಮ್) ಮೇಲೆ ಅದನ್ನು ಒತ್ತುವ ಸುತ್ತಿಗೆ ಪೂರ್ತಿ ಬೀಳುತ್ತಿಲ್ಲ. ಇನ್ನೊಂದು ಲಕ್ಷಣವನ್ನು ಹಲವರು ಗಮನಿಸುವುದೇ ಇಲ್ಲ: ಸ್ಟಾಪ್‌ವಾಚ್ ಓಡುವಾಗ 60ರ ಹತ್ತಿರ ಬಂದು ಇಡೀ ವಾಚೇ ನಿಂತುಬಿಡುವುದು. ನಿಮಿಷದ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳಲು ಅಲ್ಲಿ ಹೆಚ್ಚು ಬಲ ಬೇಕು. ಕೊಳೆಯೋ ಒಣಗಿದ ಎಣ್ಣೆಯೋ ಆ ಬಲವನ್ನು ತಿಂದಿರುತ್ತದೆ. ಇದು ಸರ್ವಿಸಿನ ಕರೆ.

ಸ್ಟಾಪ್‌ವಾಚನ್ನು ಸದಾ ಓಡುತ್ತಾ ಬಿಡಬೇಡಿ. ಅಡ್ಡದಿಂದ ಹಲ್ಲು ಕೂಡುವ ಈ ಬಗೆಯಲ್ಲಿ ಸವೆತ ಹೆಚ್ಚು, ಬ್ಯಾಲೆನ್ಸ್ ವೀಲಿನ ತೂಗಾಟವೂ ಕುಗ್ಗುತ್ತದೆ. ಹಾಗೆಂದು ತಿಂಗಳುಗಟ್ಟಲೆ ಮುಟ್ಟದೆ ಇಡುವುದೂ ಸಲ್ಲ. ವಾರಕ್ಕೊಮ್ಮೆ ಪೂರ್ತಿ 30 ನಿಮಿಷ ಓಡಿಸಿದರೆ 3 ಗಂಟೆಯ ಪಕ್ಕದ ನಿಮಿಷದ ಮುಳ್ಳು ಒಂದು ಸುತ್ತು ಬಂದು, ಎಲ್ಲ ಹಲ್ಲುಗಳ ಪರೀಕ್ಷೆಯೂ ಆಗುತ್ತದೆ.

ನಿಖರತೆಯ ವಿಷಯದಲ್ಲಿ ನ್ಯಾಯವಾದ ನಿರೀಕ್ಷೆ ಇರಲಿ. ದಿನಕ್ಕೆ 10-20 ಸೆಕೆಂಡ್ ಆಚೀಚೆ ಆಗುವುದು ಈ ದರ್ಜೆಯ ಯಂತ್ರಕ್ಕೆ ಸಹಜ. ಕ್ರೌನ್ ಎಳೆದಾಗ ಸೆಕೆಂಡಿನ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ 9 ಗಂಟೆಯ ಕಡೆಯ ಚಿಕ್ಕ ಮುಳ್ಳು 60 ದಾಟುವಾಗ ನಿಮಿಷದ ಮುಳ್ಳು ಗೆರೆಯ ಮೇಲಿರುವಂತೆ ಹೊಂದಿಸಿದರೆ ಸಾಕು. ತಾರೀಖಿನ ಚಕ್ರ ಇಲ್ಲದ್ದರಿಂದ ಮುಳ್ಳನ್ನು ಯಾವ ಹೊತ್ತಿನಲ್ಲಿ ಯಾವ ಕಡೆಗೆ ತಿರುಗಿಸಿದರೂ ಅಪಾಯವಿಲ್ಲ, ಇದೊಂದು ನೆಮ್ಮದಿ. ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್ ಅಯಸ್ಕಾಂತ ಹಿಡಿದು ಸುರುಳಿಗಳು ಒಂದಕ್ಕೊಂದು ಅಂಟಿವೆ ಎಂದೇ ಮೊದಲು ಶಂಕಿಸಿ. ಸ್ಪೀಕರ್, ಅಯಸ್ಕಾಂತದ ಫೋನ್ ಕವರ್, ಇಂಡಕ್ಷನ್ ಒಲೆ ಇವುಗಳ ಹತ್ತಿರ ಇಟ್ಟಿದ್ದರೆ ಸಾಕು. ಅಯಸ್ಕಾಂತ ಬಿಡಿಸುವ ಡಿಮ್ಯಾಗ್ನೆಟೈಸರ್ ಮೇಲಿಟ್ಟು, ಆ ಸಾಧನದ ಗುಂಡಿ ಹಿಡಿದೇ, ವಾಚನ್ನು ನಿಧಾನವಾಗಿ ಒಂದು ಮೊಳ ದೂರ ಎಳೆದ ಮೇಲೆ ಗುಂಡಿ ಬಿಡಬೇಕು. ಹತ್ತಿರವೇ ಬಿಟ್ಟರೆ ಅಯಸ್ಕಾಂತ ಮತ್ತೆ ಉಳಿಯುತ್ತದೆ.

ನೀರಿಗೆ ಇದು ಆಗಿಬರುವುದಿಲ್ಲ. 30 ಮೀಟರ್ ಎಂಬ ಮಾತಿಗೆ ಕೈ ತೊಳೆಯುವಾಗಿನ ಹನಿ ತಡೆಯುತ್ತದೆ ಎಂದಷ್ಟೇ ಅರ್ಥ. ಒದ್ದೆ ಕೈಯಲ್ಲಿ ಗುಂಡಿ ಒತ್ತಿದರೆ ಕ್ರೌನಿಗಿಂತ ಮೊದಲು ಗುಂಡಿಗಳ ದಾರಿಯಲ್ಲೇ ನೀರು ನುಗ್ಗುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ಗ್ಲಾಸಿನ ಒಳಮೈಯಲ್ಲಿ ಮಂಜು ಕಂಡರೆ ಅಂದೇ ಬಿಚ್ಚಿಸಿ, ಎರಡು ದಿನ ತಡವಾದರೂ ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಬಹುದು.

ಅಕ್ರಿಲಿಕ್ ಗ್ಲಾಸಿಗೆ ಗೀರು ಬೀಳುವುದು ಬೇಗ, ಹೋಗುವುದೂ ಬೇಗ: ಸುತ್ತಲಿನ ಲೋಹಕ್ಕೆ ಟೇಪ್ ಅಂಟಿಸಿ, ಪಾಲಿವಾಚ್ ಪೇಸ್ಟನ್ನು ಹತ್ತಿಬಟ್ಟೆಯಲ್ಲಿ ಎರಡು ಮೂರು ನಿಮಿಷ ಉಜ್ಜಿ. ಸ್ಯಾನಿಟೈಸರ್ ತಾಗಿಸಬೇಡಿ, ಆಲ್ಕೊಹಾಲಿಗೆ ಅಕ್ರಿಲಿಕ್ ಬಿರುಕು ಬಿಡುತ್ತದೆ. ಬೆಲ್ಟಿನ ಅಗಲ 18 ಮಿ.ಮೀ.; ನಮ್ಮ ಸೆಕೆಗೆ ಚರ್ಮಕ್ಕಿಂತ ನೈಲಾನ್ ಮೇಲು.

ಸರ್ವಿಸ್ ನಾಲ್ಕೈದು ವರ್ಷಕ್ಕೊಮ್ಮೆ. ಎಚ್‌ಎಂಟಿ ವಾಚುಗಳಲ್ಲಿ ಕೈ ಪಳಗಿದ ಹಿರಿಯ ರಿಪೇರಿಯವರು ಊರೂರಲ್ಲಿ ಇದ್ದಾರೆ, ಅವರ ಕೆಲಸದ ಮೇಲೆ ಗೌರವವಿದೆ. ಆದರೂ ಕೊಡುವ ಮುಂಚೆ, ಕಾಲಮ್ ವೀಲ್ ಕ್ರೊನೋಗ್ರಾಫ್ ಬಿಚ್ಚಿ ಜೋಡಿಸಿದ್ದೀರಾ ಎಂದು ನೇರವಾಗಿ ಕೇಳಿ. ಹಿಂಬದಿಯ ಗಾಜಿನಲ್ಲಿ ಕಾಣುವ ಸ್ಕ್ರೂಗಳಲ್ಲಿ ಕೆಲವು ಬರೀ ಸ್ಕ್ರೂಗಳಲ್ಲ, ಹಲ್ಲುಗಳ ಆಳ ಹೊಂದಿಸುವ ಎಕ್ಸೆಂಟ್ರಿಕ್‌ಗಳು. ಬಿಗಿಯಿದೆಯೇ ನೋಡೋಣವೆಂದು ಅದನ್ನು ಕಾಲು ಸುತ್ತು ತಿರುಗಿಸಿದರೂ ಕೂಡಿಕೆ ಕೆಡುತ್ತದೆ. ಅವನ್ನು ಮುಟ್ಟುವ ಮೊದಲು ಇದ್ದ ಸ್ಥಾನದ ಫೋಟೋ ತೆಗೆಯುವವರ ಕೈಗೇ ವಾಚು ಕೊಡಿ. ಸ್ಟಾಪ್‌ವಾಚ್ ನಿಂತಾಗ ಹಾಗೂ ಓಡುವಾಗ, ಎರಡರಲ್ಲೂ ವಾಚಿನ ನಿಖರತೆ ಅಳೆಯುವ ಟೈಮ್‌ಗ್ರಾಫರ್ ಸಾಧನದ ಅಳತೆ ತೋರಿಸುವಂತೆ ಕೇಳಿ ಪಡೆಯಿರಿ.