ಮುಟ್ಟಿನ ತಿಂಗಳಿಗೆ ಎರಡು ಡಬ್ಬಿ ಬೀಜದುಂಡೆ: ಕೊಟ್ಟ ದುಡ್ಡಿಗೆ ತಕ್ಕ ಸರಕೇ?

ಶಿವಮೊಗ್ಗದ ಆರ್ಗ್ಯಾನಿಕ್ ಅಂಗಡಿಗಳ ಕಪಾಟಿನಲ್ಲಿ, ಮೇಳದ ಮಳಿಗೆಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಆನ್‌ಲೈನಿನಲ್ಲಿ ಈಗ ಜೋಡಿ ಡಬ್ಬಿಗಳು ಸಿಗುತ್ತವೆ. ಒಂದರ ಮೇಲೆ ‘1ರಿಂದ 14ನೇ ದಿನ’, ಇನ್ನೊಂದರ ಮೇಲೆ ‘15ರಿಂದ 28ನೇ ದಿನ’. ಮೊದಲನೆಯದರಲ್ಲಿ ಅಗಸೆ ಮತ್ತು ಕುಂಬಳಬೀಜದ ಉಂಡೆ, ಎರಡನೆಯದರಲ್ಲಿ ಎಳ್ಳು ಮತ್ತು ಸೂರ್ಯಕಾಂತಿ ಬೀಜದ್ದು. ದಿನಕ್ಕೊಂದು ತಿಂದರೆ ಹಾರ್ಮೋನು ಹದಕ್ಕೆ ಬರುತ್ತದೆ, ಮುಟ್ಟಿನ ಹಿಂದಿನ ವಾರದ ಬಾಯಿಚಪಲ ತಗ್ಗುತ್ತದೆ, ರಕ್ತ ಹೆಚ್ಚುತ್ತದೆ ಎಂಬುದು ಮಾರುವವರ ಮಾತು. ಬ್ರ್ಯಾಂಡು ಬೇರೆಬೇರೆಯಾದರೂ ಮಾದರಿ ಒಂದೇ. ಹಾಗಾಗಿ ಇಲ್ಲಿ ತೂಗಿ ನೋಡುತ್ತಿರುವುದು ಆ ಮಾದರಿಯನ್ನೇ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು. ಸಂಜೆ ಐದರ ಹಸಿವಿಗೆ ಒಳ್ಳೆಯ ತಿಂಡಿ. ಹಾರ್ಮೋನಿನ ಮಾತು ನಂಬಿ ಕೊಳ್ಳುವಂಥದ್ದಲ್ಲ. ರಕ್ತದ ಮಾತಿನಲ್ಲಿ ನಿಜ ಇದೆ, ಆದರೆ ಬಹಳ ಸ್ವಲ್ಪ.

ಹಸಿವಿನ ವಿಚಾರ ಕಲ್ಪನೆಯಲ್ಲ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರಿರುತ್ತದೆ, ಅದು ಹಸಿವನ್ನು ತಗ್ಗಿಸುತ್ತದೆ. ಆ ದಿನಗಳಲ್ಲಿ ಎರಡು ರೊಟ್ಟಿ ತಿನ್ನುವವರು ಒಂದಕ್ಕೇ ಸಾಕೆನ್ನುವುದುಂಟು. ಅದಾದ ಮೇಲೆ ಮುಟ್ಟಿನವರೆಗಿನ ಸುಮಾರು ಎರಡು ವಾರ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಆಳ್ವಿಕೆ. ಮೈ ಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಸುಮ್ಮನೆ ಕೂತಿದ್ದರೂ ದೇಹ ಸುಡುವ ಶಕ್ತಿ ಕೊಂಚ ಹೆಚ್ಚುತ್ತದೆ, ಊಟವೂ ಹೆಚ್ಚುತ್ತದೆ. ಎಷ್ಟು ಎಂದರೆ ದಿನಕ್ಕೆ 100ರಿಂದ 300 ಕ್ಯಾಲೊರಿಯ ಆಸುಪಾಸು, ಅದೂ ಎಲ್ಲರಿಗೂ ಅಲ್ಲ. ಅಂದರೆ ಒಂದೆರಡು ಅಕ್ಕಿರೊಟ್ಟಿಯಷ್ಟು. ಇದನ್ನು ‘ಬಾಯಿಚಪಲ’ ಎಂದು ಹತ್ತಿಕ್ಕಿ ಮಧ್ಯಾಹ್ನದ ಊಟ ಕಡಿಮೆ ಮಾಡಿದವರು ಸಂಜೆ ಬೇಕರಿಯ ಗಾಜಿನ ಮುಂದೆ ನಿಲ್ಲುತ್ತಾರೆ. ಒಂದು ಪಫ್, ಒಂದು ಸಿಹಿ, ಮೇಲೊಂದು ಕಾಫಿ ಸೇರಿದರೆ 300 ದಾಟಿ ಎಲ್ಲೋ ಹೋಗಿರುತ್ತದೆ. ಕಾಳು, ಬೀಜ, ಮೊಟ್ಟೆ ಇರುವ ಒಂದು ಸಂಜೆಯ ತಿಂಡಿಗೆ ಮೊದಲೇ ಜಾಗ ಮಾಡಿಕೊಂಡರೆ ಈ ಹಸಿವು ಅಲ್ಲಿಗೆ ಅಡಗುತ್ತದೆ. ಉಂಡೆ ಕೆಲಸಕ್ಕೆ ಬರುವುದು ಈ ಜಾಗದಲ್ಲಿ.

ಇನ್ನು ಎರಡು ಡಬ್ಬಿಯ ಲೆಕ್ಕ. ಅಗಸೆಯಲ್ಲಿ ಲಿಗ್ನಾನ್ ಎಂಬ ಅಂಶ ಇದೆ, ಅದು ಈಸ್ಟ್ರೊಜೆನ್ನಿಗೆ ನೆರವಾಗುತ್ತದೆ, ಎಳ್ಳಿನದು ಪ್ರೊಜೆಸ್ಟರಾನಿನ ಕಡೆ ಎಂಬ ವಿವರಣೆ ಇದಕ್ಕೆ ಆಧಾರ. ತಮಾಷೆಯೆಂದರೆ ಲಿಗ್ನಾನ್ ಎಳ್ಳಿನಲ್ಲೂ ಧಾರಾಳವಾಗಿದೆ! ಒಂದೇ ಅಂಶ ಮೊದಲ ಪಕ್ಷದಲ್ಲಿ ಒಂದು ಹಾರ್ಮೋನಿಗೂ ಎರಡನೇ ಪಕ್ಷದಲ್ಲಿ ಇನ್ನೊಂದಕ್ಕೂ ಸೇವೆ ಮಾಡುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ದಿನದ ಲೆಕ್ಕವೂ ಹೊಂದುವುದಿಲ್ಲ. ಮುಟ್ಟಿನ ಚಕ್ರ 21 ದಿನದಿಂದ 35 ದಿನದವರೆಗೆ ಇರುವುದು ಸಹಜ. ಅದರಲ್ಲಿ ಹೆಚ್ಚು ಕಡಿಮೆಯಾಗುವುದು ಮೊದಲರ್ಧ, ಎರಡನೆಯದು ಸುಮಾರು 14 ದಿನಕ್ಕೆ ನಿಲ್ಲುತ್ತದೆ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡ ಬಿಡುಗಡೆ 21ನೇ ದಿನದ ಸುಮಾರಿಗೆ. ಡಬ್ಬಿ ಬದಲಿಸಿ ಎಂದು ಮುಚ್ಚಳ ಹೇಳುವುದು 15ಕ್ಕೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆಯಿಂದಾಗಿ ಮುಟ್ಟು ಎರಡು ತಿಂಗಳಿಗೊಮ್ಮೆ ಬರುವ ಹುಡುಗಿಯರಿಗಂತೂ ಈ ಅಂಕಿ ಅರ್ಥವಿಲ್ಲದ್ದು, ಆದರೆ ಮಾರಾಟದ ಮಾತೆಲ್ಲ ಹೆಚ್ಚಾಗಿ ಅವರನ್ನೇ ಕುರಿತದ್ದು.

ಪ್ರಮಾಣ ನೋಡಿ. ಈ ಬೀಜಗಳ ಸರದಿಯನ್ನು ನಂಬುವವರೇ ಹೇಳುವ ಅಳತೆ ದಿನಕ್ಕೆ ಎರಡು ಬೀಜದ ತಲಾ ಒಂದು ದೊಡ್ಡ ಚಮಚ, ಅಂದರೆ ಒಟ್ಟು 20 ಗ್ರಾಮಿನ ಹತ್ತಿರ. ಉಂಡೆಯ ತೂಕ 15 ಗ್ರಾಂ ಎಂದಿಟ್ಟುಕೊಳ್ಳಿ. ಅದರಲ್ಲಿ ಬೆಲ್ಲವೋ ಖರ್ಜೂರವೋ ತುಪ್ಪವೋ ಅರ್ಧ ಹೋದರೆ ಬೀಜ ಉಳಿಯುವುದು ಏಳೆಂಟು ಗ್ರಾಂ. ಅವರ ಲೆಕ್ಕದಲ್ಲೇ ಸಾಲದು. ಡಬ್ಬಿಯ ಹಿಂದೆ ಸಾಮಗ್ರಿಗಳ ಪಟ್ಟಿ ಇರುತ್ತದಲ್ಲ, ಅದನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಪಟ್ಟಿಯ ಮೊದಲ ಹೆಸರು ಖರ್ಜೂರ ಎಂದಿದ್ದರೆ ಅದು ಬೀಜದುಂಡೆಯಲ್ಲ, ಬೀಜ ಸೇರಿಸಿದ ಖರ್ಜೂರದುಂಡೆ. ‘ಸಕ್ಕರೆ ಸೇರಿಸಿಲ್ಲ’ ಎಂಬ ಸಾಲನ್ನೂ ಹೀಗೇ ಓದಬೇಕು: ಒಣ ಖರ್ಜೂರದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಸಕ್ಕರೆಯೇ.

ಅಗಸೆ ಇಡಿಯಾಗಿ ಕಂಡರೆ ಆ ಡಬ್ಬಿಯನ್ನು ಅಲ್ಲೇ ಇಡಿ. ಅದರ ಸಿಪ್ಪೆ ಹೊಟ್ಟೆಯಲ್ಲಿ ಸುಲಭವಾಗಿ ಒಡೆಯುವುದಿಲ್ಲ, ಹೆಚ್ಚಿನದು ಬಂದ ಹಾಗೇ ಹೊರಗೆ ಹೋಗುತ್ತದೆ. ಪುಡಿ ಮಾಡಿದ ಅಗಸೆಯ ತೊಂದರೆ ಬೇರೆ: ಅದರ ಎಣ್ಣೆ ಗಾಳಿ ತಾಗಿದರೆ ಬೇಗ ಕಮಟುತ್ತದೆ. ಮಲೆನಾಡಿನಲ್ಲಿ ಇದು ಸಣ್ಣ ಮಾತಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಉಪ್ಪೇ ನೀರಾಗುವಾಗ ಬೆಲ್ಲದ ಉಂಡೆ ತೇವ ಹೀರದೆ ಇರುತ್ತದೆಯೇ? ಮುಚ್ಚಳದ ಮೇಲೆ ಮೂರು ತಿಂಗಳ ಅವಧಿ ಅಚ್ಚಾಗಿದ್ದರೂ ಒಮ್ಮೆ ಸೀಲು ತೆಗೆದ ಮೇಲೆ ಮಳೆಗಾಲದಲ್ಲಿ ಅದನ್ನು ನಂಬಬೇಡಿ. ಉಂಡೆ ಮುರಿದು ಮೂಸಿ ನೋಡಿ. ಹಳೇ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ, ನಾಲಿಗೆಯ ಹಿಂಬದಿಗೆ ಕಹಿ ಉಳಿದರೆ ಎಸೆಯಿರಿ. ಶೇಂಗಾ ಹಾಕಿದ ಉಂಡೆಯಲ್ಲಿ ಬೂಷ್ಟಿನ ಸುಳಿವು ಕಂಡರಂತೂ ಕೆರೆದು ತಿನ್ನುವ ಪ್ರಶ್ನೆಯೇ ಇಲ್ಲ, ಆ ಬೂಷ್ಟಿನ ವಿಷ ಯಕೃತ್ತಿಗೆ ಕೆಟ್ಟದ್ದು.

ರಕ್ತದ ಮಾತಿಗೆ ಬರೋಣ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿ.ಲೀ. ರಕ್ತ ಹೋಗುತ್ತದೆ, ಅದರ ಜೊತೆ 15ರಿಂದ 20 ಮಿ.ಗ್ರಾಂ ಕಬ್ಬಿಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ಹೆಂಗಸರಿಗೆ ಊಟದಲ್ಲಿ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು. ಇಷ್ಟೊಂದು ಯಾಕೆಂದರೆ ಅಕ್ಕಿ, ಬೇಳೆ, ಸೊಪ್ಪಿನ ಕಬ್ಬಿಣದಲ್ಲಿ ಹತ್ತನೇ ಒಂದು ಪಾಲೂ ಮೈಗೆ ಹತ್ತುವುದಿಲ್ಲ ಎಂಬ ಲೆಕ್ಕ. ಡಬ್ಬಿಯ ಒಂದು ಉಂಡೆಯಲ್ಲಿ ಇರುವುದು ಒಂದು ಮಿ.ಗ್ರಾಮಿನ ಒಳಗೆ. ಬೆಲ್ಲದಿಂದ ರಕ್ತ ಬರುತ್ತದೆ ಎಂಬುದಕ್ಕೂ ಇದೇ ಉತ್ತರ: 10 ಗ್ರಾಂ ಬೆಲ್ಲದಲ್ಲಿ ಅರ್ಧ ಮಿ.ಗ್ರಾಂ ಆಸುಪಾಸು, ಜೊತೆಗೆ 38 ಕ್ಯಾಲೊರಿ. ಅದಕ್ಕಿಂತ 40 ಗ್ರಾಂ ಹುರುಳಿಕಾಳು ಸುಮಾರು 3 ಮಿ.ಗ್ರಾಂ ಕಬ್ಬಿಣ, ಎಂಟೊಂಬತ್ತು ಗ್ರಾಂ ಪ್ರೋಟೀನು ಕೊಡುತ್ತದೆ. ಆದರೆ ಕಾಳು ತಿನ್ನಬೇಕು. ಕಟ್ಟು ಬಸಿದು ಸಾರು ಮಾಡಿ ಬೆಂದ ಕಾಳನ್ನು ಕೊಟ್ಟಿಗೆಗೆ ಕಳಿಸಿದರೆ ಪುಷ್ಟಿ ದನಕ್ಕೇ. ರಾತ್ರಿ ನೆನೆಹಾಕಿ ಮೊಳಕೆ ಬರಿಸಿ ಪಲ್ಯ ಮಾಡಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ, ಮೇಲೆ ನಿಂಬೆಹಣ್ಣು ಹಿಂಡಿದರೆ ಹೀರಿಕೆ ಇನ್ನೂ ಹೆಚ್ಚುತ್ತದೆ. ಪೇರಲೆ, ನೆಲ್ಲಿಕಾಯಿ ಕೂಡ ಆಗುತ್ತವೆ. ಮಾಂಸ, ಮೀನು ತಿನ್ನುವವರಿಗೆ ದಾರಿ ಸುಲಭ, ಅದರ ಕಬ್ಬಿಣ ಬೇಗ ಹತ್ತುತ್ತದೆ.

ಉಂಡೆಯನ್ನು ಕಾಫಿ, ಟೀ ಜೊತೆ ತಿನ್ನುವುದು ನಮ್ಮ ಕಡೆಯ ರೂಢಿ. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ಇರುವ ಚೂರಿನಲ್ಲೂ ಹೆಚ್ಚಿನದು ಅಲ್ಲಿ ಹೋಯಿತು. ಒಂದು ಗಂಟೆ ಅಂತರ ಇರಲಿ. ಉಂಡೆ ತಿಂದು ಕಾಫಿಗೆ ಕಾಯಲಾಗದು ಎನ್ನುವವರು ಕಾಫಿಯನ್ನು ನಾಲ್ಕಕ್ಕೆ ಕುಡಿದು ಉಂಡೆಯನ್ನು ಐದೂವರೆಗೆ ತಿನ್ನಲಿ.

ಮನೆಯಲ್ಲಿ ಕಟ್ಟುವುದೇ ಲೇಸು ಎನ್ನಲು ಕಾರಣ ದುಡ್ಡೊಂದೇ ಅಲ್ಲ, ಬೀಜದ ಪಾಲು ನಮ್ಮ ಕೈಯಲ್ಲಿರುತ್ತದೆ. ಗಾಂಧಿಬಜಾರಿನ ದಿನಸಿ ಅಂಗಡಿಗಳಲ್ಲಿ ಎಲ್ಲವೂ ಸಡಿಲವಾಗಿ ಸಿಗುತ್ತವೆ. ಕರಿ ಎಳ್ಳು ಅಥವಾ ಸಿಪ್ಪೆ ತೆಗೆಯದ ಬಿಳಿ ಎಳ್ಳು 100 ಗ್ರಾಂ, ಶೇಂಗಾ 100, ಅಗಸೆ 50, ಬೆಲ್ಲ 100, ಒಣಶುಂಠಿ ಪುಡಿ ಒಂದು ಚಮಚ, ನಾಲ್ಕು ಏಲಕ್ಕಿ. ಪಾಲಿಶ್ ಮಾಡಿದ ಬೆಳ್ಳನೆಯ ಎಳ್ಳು ಬೇಡ, ಸಿಪ್ಪೆಯ ಜೊತೆ ಸುಣ್ಣದಂಶದ ಬಹುಪಾಲು ಹೋಗಿರುತ್ತದೆ. ಮೂರನ್ನೂ ಬೇರೆಬೇರೆಯಾಗಿ ಹುರಿಯಿರಿ, ಯಾಕೆಂದರೆ ಹದಕ್ಕೆ ಬರುವ ಹೊತ್ತು ಬೇರೆ. ಶೇಂಗಾಕ್ಕೆ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ. ಎಳ್ಳು ಚಟಪಟ ಎಂದ ಕೂಡಲೇ ಇಳಿಸಿ. ಅಗಸೆಗೆ ಎರಡು ನಿಮಿಷ ಸಾಕು, ಹೆಚ್ಚಾದರೆ ಕಹಿ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಕೊನೆಗೆ ಬೆಲ್ಲ, ಶುಂಠಿಪುಡಿ, ಏಲಕ್ಕಿ ಹಾಕಿ ಎರಡು ಸುತ್ತು. ಬಿಸಿಯಿರುವಾಗಲೇ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಬ್ಲೇಡಿಗೆ ಅಂಟುತ್ತದೆ. ಪಾಕ ಬೇಕಿಲ್ಲ, ಎಳ್ಳು ಶೇಂಗಾದ ಎಣ್ಣೆಯೇ ಉಂಡೆಯನ್ನು ಹಿಡಿಯುತ್ತದೆ. ಹಿಡಿಯದಿದ್ದರೆ ಒಂದು ಚಮಚ ಬಿಸಿ ತುಪ್ಪ ಸಾಕು, ನೀರು ಚಿಮುಕಿಸಬೇಡಿ. ಸಾಗರದ ಕಡೆಯವರು ಜೋನಿಬೆಲ್ಲ ಹಾಕಲು ಹೊರಡುತ್ತಾರೆ. ರುಚಿ ಸೊಗಸು, ಆದರೆ ಅದರ ತೇವಕ್ಕೆ ಉಂಡೆ ನಾಲ್ಕೈದು ದಿನದ ಮೇಲೆ ನಿಲ್ಲುವುದಿಲ್ಲ.

ಈ ಅಳತೆಗೆ 20 ಗ್ರಾಮಿನ ಹದಿನೇಳು ಉಂಡೆ ಆಗುತ್ತವೆ. ಒಂದೊಂದರಲ್ಲಿ ಸುಮಾರು 100 ಕ್ಯಾಲೊರಿ, 3 ಗ್ರಾಂ ಪ್ರೋಟೀನು, 1 ಮಿ.ಗ್ರಾಂ ಮೇಲ್ಪಟ್ಟು ಕಬ್ಬಿಣ. ಮುಟ್ಟಿಗೆ ಹತ್ತು ದಿನ ಮುಂಚಿನಿಂದ ದಿನಕ್ಕೆ ಎರಡರವರೆಗೆ ತಿಂದರೆ ಹೆಚ್ಚಿದ ಹಸಿವಿಗೆ ಸರಿಹೋಗುತ್ತದೆ. ಮೇಲೊಂದು ದೊಡ್ಡ ಲೋಟ ನೀರು ಕಡ್ಡಾಯ. ಆ ದಿನಗಳಲ್ಲಿ ಪ್ರೊಜೆಸ್ಟರಾನಿನಿಂದ ಕರುಳು ನಿಧಾನವಾಗಿರುತ್ತದೆ, ನೀರಿಲ್ಲದೆ ಅಗಸೆಯ ನಾರು ಹೋದರೆ ಮಲಬದ್ಧತೆ ಕಳೆಯುವ ಬದಲು ಬಿಗಿಯಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ, ಫ್ರಿಜ್ಜಿನಲ್ಲಿ ಮೂರು ವಾರ ಇಡಬಹುದು. ಎಳ್ಳು ಉಷ್ಣ, ಬೇಸಿಗೆಗೆ ಆಗದು ಎನ್ನುವ ಮನೆಗಳಲ್ಲಿ ಶೇಂಗಾ ಹೆಚ್ಚಿಸಿ ಎಳ್ಳು ಇಳಿಸಬಹುದು, ಕಬ್ಬಿಣ ಮತ್ತು ಸುಣ್ಣದಂಶ ಕೊಂಚ ಇಳಿಯುತ್ತದೆ.

ಸೋಲುವುದು ಮುಟ್ಟಾದ ಮೊದಲೆರಡು ದಿನ, ಡಬ್ಬಿಯದಾದರೂ ಮನೆಯದಾದರೂ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಪಕ್ಕದ ಕರುಳನ್ನೂ ಬಿಡುವುದಿಲ್ಲ. ವಾಕರಿಕೆ, ಭೇದಿ, ಬಾಯಿ ರುಚಿ ಕೆಡುವುದು ಅದರಿಂದಲೇ. ‘1ನೇ ದಿನ’ಕ್ಕೆ ಡಬ್ಬಿ ಕೊಡುವುದು ಅಗಸೆಯ ನಾರಿನ ಉಂಡೆಯನ್ನು, ಹೊಟ್ಟೆ ಸಡಿಲಾದವರಿಗೆ ಅದಕ್ಕಿಂತ ಕೆಟ್ಟ ಆಯ್ಕೆ ಸಿಗಲಾರದು. ಇಲ್ಲಿ ಮಲೆನಾಡಿನ ಅಡುಗೆಮನೆಯೇ ಮೇಲು. ಕುಚ್ಚಲಕ್ಕಿ ಗಂಜಿಗೆ ಮೆಂತೆ ತಂಬುಳಿ: ಒಂದು ಚಮಚ ಮೆಂತೆ, ಒಂದು ಚಮಚ ಜೀರಿಗೆಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಅರ್ಧ ಬಟ್ಟಲು ಕಾಯಿತುರಿ ಜೊತೆ ರುಬ್ಬಿ ಎರಡು ಲೋಟ ಮಜ್ಜಿಗೆಗೆ ಬೆರೆಸಿದರಾಯಿತು. ಮೆಂತೆ ಕಪ್ಪಾದರೆ ಬಾಯಿಗಿಡಲಾಗದು, ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಒಂದೆಲಗದ್ದೂ ಆದೀತು. ಗಂಜಿಗೆ ಅಪ್ಪೆಮಿಡಿ ಒಂದೇ ಇರಲಿ, ಹೊಟ್ಟೆ ಉಬ್ಬರಿಸುವ ದಿನ ಅಷ್ಟೊಂದು ಉಪ್ಪು ಬೇಡ. ಒಂದು ಬೇಯಿಸಿದ ಮೊಟ್ಟೆ ಸೇರಿದರೆ 6 ಗ್ರಾಂ ಪ್ರೋಟೀನು.

ಈ ಡಬ್ಬಿಗಳ ಪಕ್ಕದಲ್ಲೇ ಮಾರುವ ಕಷಾಯದ ಪುಡಿಗೆ ಹೆಚ್ಚು ಅಂಕ ಕೊಡಬಹುದು, ಒಣಶುಂಠಿ ಸಾಕಷ್ಟಿದ್ದರೆ ಮಾತ್ರ. ಮುಟ್ಟಿನ ನೋವಿಗೆ ಶುಂಠಿ ತಕ್ಕಮಟ್ಟಿಗೆ ಆಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ಅಲ್ಲಿ ಕೊಟ್ಟದ್ದು ಮೊದಲ ಮೂರ್ನಾಲ್ಕು ದಿನ, ದಿನಕ್ಕೆ 750 ಮಿ.ಗ್ರಾಮಿನಿಂದ 2 ಗ್ರಾಂ ಪುಡಿ. ಕೊತ್ತಂಬರಿಯೇ ತುಂಬಿರುವ ಪುಡಿಯಲ್ಲಿ ಅಷ್ಟು ಸಿಗುವುದಿಲ್ಲ. ಅರ್ಧ ಸಣ್ಣ ಚಮಚ ಶುಂಠಿಪುಡಿಯನ್ನು ಪ್ರತ್ಯೇಕವಾಗಿ ಸೇರಿಸಿ ಕುದಿಸಿ, ದಿನಕ್ಕೆ ಎರಡು ಸಲ.

ಪ್ಯಾಡು ಒಂದೆರಡು ಗಂಟೆಗೇ ತುಂಬುವುದು, ಏಳು ದಿನ ದಾಟುವುದು, ಮೆಟ್ಟಿಲು ಹತ್ತಿದರೆ ಏದುಸಿರು, ಮಣ್ಣು ಬಳಪ ತಿನ್ನುವ ಆಸೆ ಇದ್ದರೆ ಉಂಡೆಯ ಅಂಗಡಿಗಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮೆಗ್ಗಾನ್ ಆಸ್ಪತ್ರೆಗೋ ಹೋಗಿ ಹಿಮೋಗ್ಲೋಬಿನ್ ನೋಡಿಸಬೇಕು. 12ರ ಕೆಳಗಿದ್ದರೆ ರಕ್ತಹೀನತೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಇದು ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹದಿಹರೆಯದವರಿಗೆ ವಾರಕ್ಕೊಂದರಂತೆ ಸರ್ಕಾರ ಬಿಟ್ಟಿಯಾಗಿ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣವಿದೆ, ಉಂಡೆಯ ಲೆಕ್ಕದಲ್ಲಿ ಅದೆಷ್ಟು ಡಬ್ಬಿಯಾದೀತೆಂದು ಕೂಡಿಸಿ ನೋಡಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ಕಲ್ಲು ಇರುವವರು ವೈದ್ಯರನ್ನು ಕೇಳದೆ ಇಂಥವನ್ನು ದಿನಾ ತಿನ್ನಬಾರದು; ಎಳ್ಳು ಶೇಂಗಾದ ಅಲರ್ಜಿಯವರು ತಿನ್ನಲೇಬಾರದು.

ಕಟ್ಟಲು ಪುರುಸೊತ್ತಿಲ್ಲ, ಹಾಸ್ಟೆಲಿನಲ್ಲಿ ಮಿಕ್ಸಿಯಿಲ್ಲ ಎನ್ನುವವರು ಎರಡನೇ ಡಬ್ಬಿಯೊಂದನ್ನೇ ಕೊಳ್ಳಲಿ. ಎಳ್ಳಿನದ್ದು, ಹಸಿವು ಹೆಚ್ಚುವ ದಿನಗಳಿಗೆ ಹೊಂದುವುದೂ ಅದೇ, ಅಗಸೆಯಷ್ಟು ಬೇಗ ಕಮಟುವುದೂ ಇಲ್ಲ. ತಯಾರಾದ ತಾರೀಕು ತಿಂಗಳೊಳಗಿನದೇ ಎಂದು ನೋಡಿಕೊಳ್ಳಿ. ಅದೊಂದನ್ನೇ ಕೊಡುವುದಿಲ್ಲ, ಜೋಡಿಯಾಗಿಯೇ ಒಯ್ಯಬೇಕು ಎಂದರೆ ಕಪಾಟಿನಲ್ಲೇ ಬಿಟ್ಟು, ಅದೇ ದುಡ್ಡಿಗೆ ಕಾಲು ಕಿಲೋ ಎಳ್ಳುಚಿಕ್ಕಿ, ಒಂದು ಡಜನ್ ಮೊಟ್ಟೆ ತನ್ನಿ.